ಅಂದು ನಾನು ಕೈ ಎತ್ತಲಿಲ್ಲ

2015ರ ಮೇ ತಿಂಗಳ ಒಂದು ರಾತ್ರಿ. ಮುಂಬೈಯಲ್ಲಿ ಹನ್ನೊಂದು ಗಂಟೆ ದಾಟಿತ್ತು. ಮಲಗುವ ಹೊತ್ತಿಗೆ ಡಬ್ಲಿನ್‌ನಿಂದ ಅಕ್ಕನ ಮಗಳ ಫೋನ್ ಬಂತು. ಅವಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಮಂಗಳೂರಿನಲ್ಲಿ ಕಲಿತು, ಸ್ವಲ್ಪ ಕಾಲ ಗಲ್ಫಿನಲ್ಲಿದ್ದು, ಅಲ್ಲಿಂದ ಐರ್ಲೆಂಡಿಗೆ ಹೋದವಳು. ಹೋಗಿ ಎಂಟೊಂಬತ್ತು ವರ್ಷ ಆಗಿತ್ತು, ಅಲ್ಲಿನ ಪೌರತ್ವವೂ ಸಿಕ್ಕಿತ್ತು. ಅಷ್ಟು ತಡವಾಗಿ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಅವಳ ಪ್ರಶ್ನೆ ಬೇರೆಯೇ ಇತ್ತು.

"ಮಾಮ್, ಶುಕ್ರವಾರ ಇಲ್ಲಿ ಓಟು. ಗಂಡಸು ಗಂಡಸು, ಹೆಂಗಸು ಹೆಂಗಸು ಮದುವೆ ಆಗಬಹುದೋ ಇಲ್ಲವೋ ಅಂತ ಕೇಳ್ತಿದ್ದಾರೆ. ನಾನು ಎಂತ ಹಾಕ್ಲಿ?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಅದರಲ್ಲಿ ಕೇಳುವುದೆಂತದ್ದು? ಇಲ್ಲ ಅಂತ ಹಾಕು. ಇಗರ್ಜಿ ಎಂತ ಹೇಳ್ತದೆ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತುಂಟು" ಅಂದಳು. ಆಮೇಲೆ ಮಳೆ ಬಂತಾ, ಮಾಂಯ್‌ಯ ಮಂಡಿನೋವು ಹೇಗುಂಟು ಎಂದು ವಿಚಾರಿಸಿ ಫೋನ್ ಇಟ್ಟಳು.

ನಾನು ಶಿರ್ವದ ಕಡೆಯವನು. ಕನ್ನಡ ಮಾಧ್ಯಮದಲ್ಲಿ ಓದಿ, ಬ್ಯಾಂಕಿನ ಪರೀಕ್ಷೆ ಬರೆದು, 1989ರಲ್ಲಿ ಮುಂಬೈಗೆ ಬಂದು ಇಲ್ಲೇ ಉಳಿದವನು. ಮನೆಯಲ್ಲಿ ಕೊಂಕಣಿ, ಓದುವುದು ಕನ್ನಡ, ಕೌಂಟರಿನಲ್ಲಿ ಹಿಂದಿ, ಮರಾಠಿ. ನಮ್ಮ ಪ್ರಾರ್ಥನೆಯ ಪುಸ್ತಕ ಕೊಂಕಣಿಯದ್ದಾದರೂ ಲಿಪಿ ಕನ್ನಡ. ಮುಂಬೈಯಲ್ಲಿ ಹುಟ್ಟಿದ ನನ್ನ ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ, ಅದು ಬೇರೆ ಕತೆ. ಹೇಳಬೇಕಾದದ್ದು ಇಷ್ಟು: ನಾನು ಭಾನುವಾರದ ಪೂಜೆ ತಪ್ಪಿಸುವವನಲ್ಲ. ಚರ್ಚಿನ ಪಾಲನಾ ಮಂಡಳಿಯಲ್ಲಿ ಎರಡು ಅವಧಿ ಇದ್ದವನು. ಈಗಲೂ ನಂಬುವವನೇ. ಈ ಲೇಖನ ಬರೆಯುತ್ತಿರುವುದು ನಂಬಿಕೆ ಬಿಟ್ಟುಬಂದ ಮನುಷ್ಯನಲ್ಲ.

ಆ ಶುಕ್ರವಾರ, 2015ರ ಮೇ 22ರಂದು, ಐರ್ಲೆಂಡ್ ಓಟು ಹಾಕಿತು. ಅಲ್ಲಿ ಸಂವಿಧಾನದ ಒಂದು ಸಾಲು ತಿದ್ದಬೇಕಾದರೂ ಜನರನ್ನು ಕೇಳಲೇಬೇಕು. ಮತಪತ್ರದಲ್ಲಿ ಎರಡು ಚೌಕ. ಒಂದು ಹೌದು, ಒಂದು ಇಲ್ಲ. ಅವರ ಹಳೆಯ ಐರಿಷ್ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರುತ್ತದಂತೆ. ಶನಿವಾರ ಸಂಜೆಯೊಳಗೆ ಫಲಿತಾಂಶ ಬಂತು. ಹೌದು ಎಂದವರು ಶೇ 62, ಇಲ್ಲ ಎಂದವರು ಶೇ 38. ಓಟು ಬಿದ್ದದ್ದು ಶೇ 60ಕ್ಕಿಂತ ಸ್ವಲ್ಪ ಹೆಚ್ಚು. 43 ಕ್ಷೇತ್ರಗಳಲ್ಲಿ ರಾಸ್‌ಕಾಮನ್–ಸೌತ್ ಲೀಟ್ರಿಮ್ ಎಂಬ ಒಂದೇ ಒಂದು ಕ್ಷೇತ್ರ ಇಲ್ಲ ಎಂದಿತು, ಅದೂ ಕೂದಲೆಳೆಯಷ್ಟರಲ್ಲಿ. ಸಲಿಂಗ ವಿವಾಹಕ್ಕೆ ದೇಶವ್ಯಾಪಿ ಜನಮತದಿಂದ ಒಪ್ಪಿಗೆ ಕೊಟ್ಟ ಮೊದಲ ದೇಶ ಅದು.

ಸೋಮವಾರ ಪೇಪರಿನಲ್ಲಿ ಓದಿ ನನಗೆ ನಂಬಲಾಗಲಿಲ್ಲ. ಐರ್ಲೆಂಡ್ ಎಂದರೆ ನಮ್ಮಂಥವರಿಗೆ ಕೆಥೋಲಿಕ ನಾಡು. ಅಲ್ಲಿಂದ ಬಂದ ಪಾದ್ರಿಗಳು, ಸಿಸ್ಟರ್‌ಗಳು, ಬ್ರದರ್‌ಗಳು ಭಾರತದಲ್ಲಿ ಎಷ್ಟೊಂದು ಶಾಲೆ ಕಟ್ಟಿದ್ದಾರೆ. 2011ರ ಅವರ ಜನಗಣತಿಯಲ್ಲಿ ನೂರಕ್ಕೆ 84 ಮಂದಿ ತಾವು ಕೆಥೋಲಿಕರೆಂದು ಬರೆಸಿದ್ದರು. ವಿಚ್ಛೇದನಕ್ಕೆ ಅವಕಾಶ ಕೊಡಬೇಕೇ ಎಂದು 1986ರಲ್ಲಿ ಕೇಳಿದಾಗ ಶೇ 63ರಷ್ಟು ಜನ ಬೇಡವೆಂದಿದ್ದರು. 1995ರಲ್ಲಿ ಮತ್ತೆ ಕೇಳಿದಾಗ ಇಡೀ ದೇಶದಲ್ಲಿ ಬರೀ 9,114 ಓಟುಗಳ ಅಂತರದಲ್ಲಿ ಅದು ಪಾಸಾಯಿತು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಕಾನೂನು ಬದಲಾದದ್ದೇ 1993ರಲ್ಲಿ. ಅಂಥ ಊರು ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ದೂರ ಹೇಗೆ ಬಂತು?

ಚರ್ಚು ಸುಮ್ಮನಿರಲಿಲ್ಲ. ಬಿಷಪರುಗಳು ಮದುವೆಯ ಅರ್ಥವೇನೆಂದು ಮುಂಚೆಯೇ ಹೇಳಿಕೆ ಕೊಟ್ಟಿದ್ದರು. ಡಬ್ಲಿನ್‌ನ ಆರ್ಚ್‌ಬಿಷಪ್ ಡಿಯರ್ಮಿಡ್ ಮಾರ್ಟಿನ್ ತಾನು ಇಲ್ಲ ಎಂದೇ ಓಟು ಹಾಕುವುದಾಗಿ ಬಹಿರಂಗವಾಗಿ ಹೇಳಿದ್ದರು. ಆದರೆ ಅದೇ ಚರ್ಚಿನ ಮಗಳು, ಹದಿನಾಲ್ಕು ವರ್ಷ ದೇಶದ ಅಧ್ಯಕ್ಷೆಯಾಗಿದ್ದ ಮೇರಿ ಮೆಕ್‌ಅಲೀಸ್ ಹೌದು ಎನ್ನಿ ಎಂದು ಪ್ರಚಾರ ಮಾಡಿದರು. ಆಕೆ ಚರ್ಚಿನ ಕಾನೂನನ್ನೇ ಓದಿದವರು. ಆಕೆಯ ಮಗ ಸಲಿಂಗಿ. ಇಬ್ಬರೂ ಒಂದೇ ಬಲಿಪೀಠದಿಂದ ಪ್ರಸಾದ ಸ್ವೀಕರಿಸುವವರು, ಓಟು ಮಾತ್ರ ಬೇರೆ ಬೇರೆ. ಫಲಿತಾಂಶ ಬಂದ ದಿನ ಆರ್ಚ್‌ಬಿಷಪರು ಜನರನ್ನು ಬೈಯಲಿಲ್ಲ. ಚರ್ಚು ವಾಸ್ತವವನ್ನು ಒಮ್ಮೆ ಎದುರು ನೋಡಬೇಕಾಗಿದೆ, ಹೌದು ಎಂದ ಯುವಕರಲ್ಲಿ ಹೆಚ್ಚಿನವರು ನಮ್ಮ ಶಾಲೆಗಳಲ್ಲೇ ಹನ್ನೆರಡು ವರ್ಷ ಓದಿದವರು ಎಂಬರ್ಥದ ಮಾತಾಡಿದರು. ವ್ಯಾಟಿಕನ್ನಿನ ಕಾರ್ಡಿನಲ್ ಪರೋಲಿನ್ ಮಾತ್ರ ಇದು ಮನುಕುಲದ ಸೋಲು ಎಂದರು. ನನಗೆ ಆಗ ಕಾರ್ಡಿನಲರ ಮಾತೇ ಸರಿ ಅನ್ನಿಸಿತ್ತು.

ಒಂದು ಸಂಗತಿ ಮಾತ್ರ ಮನಸ್ಸಿಗೆ ತಾಗಿತು. ಐರ್ಲೆಂಡ್ ಬಿಟ್ಟುಹೋದವರಿಗೆ ಅಂಚೆಯಲ್ಲಿ ಓಟು ಹಾಕುವ ಅವಕಾಶವಿಲ್ಲ. ಹೋಗಿ ಹದಿನೆಂಟು ತಿಂಗಳೊಳಗಿದ್ದು, ವಾಪಸು ಬರುವ ಮನಸ್ಸಿದ್ದರೆ ಊರಿಗೇ ಬಂದು ಹಾಕಬೇಕು. ಆ ವಾರ ಲಂಡನ್ನಿನಿಂದ, ಇನ್ನೂ ದೂರದಿಂದ, ಹಡಗಿನಲ್ಲೂ ವಿಮಾನದಲ್ಲೂ ಹುಡುಗ ಹುಡುಗಿಯರು ಸಾವಿರಗಟ್ಟಲೆ ಬಂದರು. ಚುನಾವಣೆ ಬಂತೆಂದರೆ ಮುಂಬೈಯಿಂದ ಉಡುಪಿ, ಕುಂದಾಪುರ, ಮಂಗಳೂರಿಗೆ ಬಸ್ಸುಗಳು ತುಂಬಿ ಹೋಗುವುದನ್ನು ಕಂಡವರಿಗೆ ಅದು ಅರ್ಥವಾಗುತ್ತದೆ. ಆದರೆ ನಮ್ಮವರು ಹೋಗುವುದು ಜಾತಿಯವನನ್ನೋ ಪಕ್ಷದವನನ್ನೋ ಗೆಲ್ಲಿಸಲು. ಇವರು ಬಂದದ್ದು ಯಾರದ್ದೋ ಮದುವೆಗೆ ಹೌದು ಎನ್ನಲು. ಟಿಕೆಟಿನ ದುಡ್ಡು ಕೊಟ್ಟು!

ಆ ವರ್ಷದ ಕ್ರಿಸ್ಮಸ್ಸಿಗೆ ಅಕ್ಕನ ಮಗಳು ಬಂದಳು. ಅಡುಗೆಮನೆಯಲ್ಲಿ ಕುಸ್ವಾರ್‌ನ ಡಬ್ಬ ತೆರೆದಿಟ್ಟುಕೊಂಡು ಕೂತಿದ್ದಾಗ, ಕೇಳದಿದ್ದರೂ ಹೇಳಿದಳು, "ಮಾಮ್, ನಾನು ಹೌದು ಅಂತ ಹಾಕಿದೆ."

ನನಗೆ ಸಿಟ್ಟು ಬಂತು. ಅವಳು ಒಂದು ನೆವರಿ ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ವಿವರಿಸಿದಳು. ಅವಳ ವಾರ್ಡಿನಲ್ಲಿ ಒಬ್ಬಳು ಹಿರಿಯ ನರ್ಸ್ ಇದ್ದಳಂತೆ. ಇವಳು ಹೊಸದಾಗಿ ಹೋದಾಗ ಬಾಡಿಗೆ ಮನೆ ಹುಡುಕಿಕೊಟ್ಟವಳು, ಮೊದಲ ಚಳಿಗಾಲಕ್ಕೆ ತನ್ನ ಕೋಟು ಕೊಟ್ಟವಳು. ಆಕೆಯೂ ಇನ್ನೊಬ್ಬ ಹೆಂಗಸೂ ಇಪ್ಪತ್ತು ವರ್ಷದಿಂದ ಒಟ್ಟಿಗಿದ್ದರು. "ಭಾನುವಾರ ಫಾದರ್ ಬಿಷಪರ ಪತ್ರ ಓದಿದರು. ನಾನು ಕೇಳಿದೆ. ತಪ್ಪು ಅಂತ ಅನ್ನಿಸಲಿಲ್ಲ. ನಮ್ಮ ಇಗರ್ಜಿಯ ಮದುವೆ ಹೇಗೆ ಅಂತ ಅದರಲ್ಲಿತ್ತು. ಆದರೆ ಮತಪತ್ರದಲ್ಲಿ ಅದನ್ನು ಕೇಳಲಿಲ್ಲ ಮಾಮ್. ಇವರಿಬ್ಬರ ಹೆಸರನ್ನು ಸರಕಾರ ಬರೆದುಕೊಳ್ಳಬಹುದಾ ಅಂತ ಕೇಳಿದ್ದು. ಅವಳ ಕೋಟು ಹಾಕಿಕೊಂಡು ಹೋಗಿ ಇಲ್ಲ ಅಂತ ಹೇಗೆ ಹಾಕ್ಲಿ?"

ಅಲ್ಲಿನ ಕಾನೂನು ಕೂಡ ಹಾಗೆಯೇ ಇದೆಯೆಂದು ಆಮೇಲೆ ತಿಳಿದುಕೊಂಡೆ. ಆ ನವೆಂಬರಿನಲ್ಲಿ ಜಾರಿಗೆ ಬಂದ ವಿವಾಹ ಕಾಯ್ದೆ ಯಾವ ಪಾದ್ರಿಯನ್ನೂ ಇಂಥ ಮದುವೆ ಮಾಡಿಸು ಎಂದು ಒತ್ತಾಯಿಸುವುದಿಲ್ಲ. ಐರ್ಲೆಂಡಿನ ಕೆಥೋಲಿಕ ಚರ್ಚುಗಳಲ್ಲಿ ಮದುವೆ ಇಂದಿಗೂ ಗಂಡು ಹೆಣ್ಣಿನದೇ. ಬದಲಾದದ್ದು ಸರಕಾರದ ರಿಜಿಸ್ಟರು.

ಅಂದಿಗೆ ನಾನು ಅವಳ ಜೊತೆ ವಾದ ಬಿಟ್ಟೆ, ಒಪ್ಪಿದೆನೆಂದಲ್ಲ. ಎರಡು ವರ್ಷದ ಮೇಲೆ ಲಿಯೋ ವರಾಡ್ಕರ್ ಐರ್ಲೆಂಡಿನ ಪ್ರಧಾನಿಯಾದಾಗ ನಮ್ಮ ಬ್ಯಾಂಕಿನ ಮರಾಠಿ ಸಹೋದ್ಯೋಗಿಗಳು ಪೇಡೆ ಹಂಚಿದರು. ಅವರ ತಂದೆ ಡಾಕ್ಟರು, ಮುಂಬೈಯಲ್ಲಿ ಹುಟ್ಟಿದವರು, ಮೂಲ ಊರು ಮಾಲ್ವಣ ತಾಲೂಕಿನ ವರಾಡ್. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಕುಡಾಳ ದಾಟುತ್ತೇವಲ್ಲ, ಅದೇ ಸಿಂಧುದುರ್ಗ ಜಿಲ್ಲೆ. 2015ರ ಜನವರಿಯಲ್ಲಿ, ಜನಮತಕ್ಕೆ ನಾಲ್ಕು ತಿಂಗಳಿರುವಾಗ, ಮಂತ್ರಿಯಾಗಿದ್ದ ಅವರು ರೇಡಿಯೋದಲ್ಲಿ ತಾನು ಸಲಿಂಗಿ ಎಂದು ಹೇಳಿಕೊಂಡಿದ್ದರು. ಪೇಡೆ ಹಂಚಿದವರಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಪೇಡೆ ತಿಂದೆ.

ಈಗ ನಮ್ಮ ಕಟ್ಟಡದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಐರ್ಲೆಂಡಿನಲ್ಲಿ ಸುತ್ತಿದ್ದು ಇದನ್ನು ಹೇಳಲು ಧೈರ್ಯ ತಂದುಕೊಳ್ಳುವುದಕ್ಕೇ ಇರಬೇಕು.

ಪಶ್ಚಿಮ ಉಪನಗರದಲ್ಲಿ ನಮ್ಮದು ನಲವತ್ತು ಫ್ಲ್ಯಾಟಿನ ಸೊಸೈಟಿ. ಮೂರನೇ ಮಹಡಿಯಲ್ಲಿ ಇಬ್ಬರು ಗಂಡಸರಿದ್ದರು. ಒಬ್ಬರು ಕಾರ್ಕಳದ ಕಡೆಯ ನಮ್ಮವರೇ, ಹಡಗು ಕಂಪೆನಿಯಲ್ಲಿ ಅಕೌಂಟೆಂಟ್. ಪೂಜೆಗೆ ಬರುತ್ತಿದ್ದರು, ಯಾವಾಗಲೂ ಕೊನೆಯ ಬೆಂಚು. ಇನ್ನೊಬ್ಬರು ನಾಸಿಕ್ ಕಡೆಯ ಮರಾಠಿಗರು, ಶಾಲೆಯಲ್ಲಿ ಗಣಿತದ ಮಾಸ್ಟ್ರು. ಹದಿನೆಂಟು ವರ್ಷ ಒಟ್ಟಿಗಿದ್ದರು. ಸೊಸೈಟಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಮುಂಬೈಯ ಒಳ್ಳೆಯ ಗುಣವೂ ಅದೇ, ಕೆಟ್ಟ ಗುಣವೂ ಅದೇ. ಗಣಪತಿ ಹಬ್ಬದ ಲೆಕ್ಕ ಬರೆಯುತ್ತಿದ್ದದ್ದು ಅಕೌಂಟೆಂಟರು, ನಮ್ಮ ಮಗಳಿಗೆ ಹತ್ತನೇ ತರಗತಿಯ ಗಣಿತ ಹೇಳಿಕೊಟ್ಟದ್ದು ಮಾಸ್ಟ್ರು. ದುಡ್ಡು ಮುಟ್ಟಲಿಲ್ಲ.

ಅವರ ಖಾತೆಗಳು ನಾನು ಮ್ಯಾನೇಜರ್ ಆಗಿದ್ದ ಶಾಖೆಯಲ್ಲಿದ್ದವು. ಗ್ರಾಹಕರ ಗುಟ್ಟು ಬರೆಯಬಾರದು. ಇಲ್ಲಿ ಬರೆಯುತ್ತಿರುವಷ್ಟನ್ನು ಮಾಸ್ಟ್ರೇ ಬರೆಯಿರಿ ಎಂದಿದ್ದಾರೆ. ಫ್ಲ್ಯಾಟಿನ ಸಾಲ ಅಕೌಂಟೆಂಟರ ಹೆಸರಿನಲ್ಲಿ ಮಾತ್ರ, ಏಕೆಂದರೆ ಜಂಟಿ ಸಾಲಗಾರ ಹತ್ತಿರದ ಸಂಬಂಧಿಯಾಗಿರಬೇಕು ಎನ್ನುವುದು ಬ್ಯಾಂಕುಗಳ ಪದ್ಧತಿ. ಕಂತಿನ ಅರ್ಧ ದುಡ್ಡು ಪ್ರತಿ ತಿಂಗಳು ಐದನೇ ತಾರೀಕು ಮಾಸ್ಟ್ರ ಖಾತೆಯಿಂದ ಇವರ ಖಾತೆಗೆ ಬಂದು ಬೀಳುತ್ತಿತ್ತು. ಒಮ್ಮೆ ಅಕೌಂಟೆಂಟರು ಎಫ್‌ಡಿ ಮಾಡಿಸಲು ಬಂದರು. ನಾಮಿನೇಷನ್ ಫಾರ್ಮಿನಲ್ಲಿ ನಾಮಿನಿಯ ಜೊತೆ ಇರುವ ಸಂಬಂಧವನ್ನು ಬರೆಯುವ ಕಾಲಂ ಇದೆ. ಅಲ್ಲಿ ಪೆನ್ನು ಇಟ್ಟುಕೊಂಡು ನನ್ನ ಮುಖ ನೋಡಿದರು. "ಸ್ನೇಹಿತ ಅಂತ ಬರೆಯಿರಿ, ಸಾಕು" ಎಂದೆ. ಬರೆದರು. ಒಳ್ಳೆಯ ಕೈಬರಹ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಇದನ್ನು ತಿಳಿಯದೆ ಎಷ್ಟೋ ಮಂದಿ ತೊಂದರೆಗೆ ಬಿದ್ದದ್ದನ್ನು ನೋಡಿದ್ದೇನೆ, ಗಂಡ ಹೆಂಡತಿಯರು ಕೂಡ. ನಾಮಿನಿ ಎಂದರೆ ಮಾಲೀಕನಲ್ಲ. ಬ್ಯಾಂಕು ದುಡ್ಡನ್ನು ಅವನ ಕೈಗೆ ಕೊಟ್ಟು ತನ್ನ ಹೊಣೆ ಮುಗಿಸಿಕೊಳ್ಳುತ್ತದೆ. ಅವನು ಅದನ್ನು ವಾರಸುದಾರರ ಪರವಾಗಿ ಇಟ್ಟುಕೊಂಡವನು ಮಾತ್ರ. ವಾರಸುದಾರರು ಯಾರು ಎಂದು ಹೇಳುವುದು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು. ನಮ್ಮ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹೆಂಡತಿ, ಮಕ್ಕಳು, ತಂದೆ, ತಾಯಿ ಯಾರೂ ಇಲ್ಲದಿದ್ದರೆ ಅಣ್ಣತಮ್ಮ, ಅಕ್ಕತಂಗಿಯರಿಗೆ. ಸ್ನೇಹಿತ ಎಂಬ ಶಬ್ದ ಆ ಸಾಲಿನಲ್ಲಿ ಎಲ್ಲಿಯೂ ಬರುವುದಿಲ್ಲ. ಉಯಿಲು ಬರೆದಿಡಿ ಎಂದು ಅಕೌಂಟೆಂಟರಿಗೆ ನಾನು ಹೇಳಬಹುದಿತ್ತು. ಹೇಳಲಿಲ್ಲ.

2021ರ ಏಪ್ರಿಲಿನಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಅಕೌಂಟೆಂಟರು ಆಸ್ಪತ್ರೆ ಸೇರಿದರು. ಬೆಡ್ಡು ಹುಡುಕಿದ್ದು ಮಾಸ್ಟ್ರು, ಆಕ್ಸಿಜನ್‌ಗೆ ಅಲೆದದ್ದು ಮಾಸ್ಟ್ರು, ಅಡ್ವಾನ್ಸ್ ಕಟ್ಟಿದ್ದೂ ಅವರೇ. ವೆಂಟಿಲೇಟರಿಗೆ ಹಾಕುವಾಗ ಒಪ್ಪಿಗೆಗೆ ಸಂಬಂಧಿಕರು ಬೇಕೆಂದರು. ಕಾರ್ಕಳದ ತಮ್ಮನಿಗೆ ವಾಟ್ಸ್ಯಾಪಿನಲ್ಲಿ ಫಾರ್ಮು ಕಳಿಸಿ ಸಹಿ ತರಿಸಿದರು. ಒಂಬತ್ತನೇ ದಿನ ತೀರಿಕೊಂಡರು. ಅಂತ್ಯಕ್ರಿಯೆಗೆ 20 ಜನರಿಗಷ್ಟೇ ಅವಕಾಶವಿದ್ದ ಕಾಲ. ಬಂದದ್ದು ಅಷ್ಟೂ ಇರಲಿಲ್ಲ. ಫಾದರ್ ಕುಟುಂಬದವರಿಗೆ ಸಾಂತ್ವನ ಹೇಳುವಾಗ ತಮ್ಮನ ಕೈ ಹಿಡಿದರು. ಮಾಸ್ಟ್ರು ಗೇಟಿನ ಹತ್ತಿರ ನಿಂತಿದ್ದರು.

ಅದೇ ವರ್ಷ ಕೊನೆಗೆ ಸೊಸೈಟಿಯ ಕಮಿಟಿಗೆ ಎರಡು ಕಾಗದ ಬಂದವು. ಒಂದು ಮಾಸ್ಟ್ರದ್ದು: ಫ್ಲ್ಯಾಟಿಗೆ ತನ್ನ ಹೆಸರು ನಾಮಿನಿಯಾಗಿ ನೋಂದಾಯಿಸಲಾಗಿದೆ, ತನ್ನನ್ನು ತಾತ್ಕಾಲಿಕ ಸದಸ್ಯನನ್ನಾಗಿ ಸೇರಿಸಿಕೊಳ್ಳಿ. ಇನ್ನೊಂದು ತಮ್ಮನ ವಕೀಲರದ್ದು: ಸೇರಿಸಿಕೊಳ್ಳಬೇಡಿ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಹೌಸಿಂಗ್ ಸೊಸೈಟಿಗಳ ಬಗ್ಗೆಯೇ ಒಂದು ಅಧ್ಯಾಯ ಸೇರಿದೆ. ಸದಸ್ಯ ತೀರಿಕೊಂಡರೆ ವಾರಸುದಾರರ ಹೆಸರು ಸೇರುವ ತನಕ ನಾಮಿನಿಯನ್ನು ತಾತ್ಕಾಲಿಕ ಸದಸ್ಯನನ್ನಾಗಿ ಮಾಡಲು ಅದರಲ್ಲಿ ಅವಕಾಶವಿದೆ. ಕಮಿಟಿಯಲ್ಲಿ ಆ ಕಾನೂನು ಓದಿದ್ದವನು ನಾನೊಬ್ಬನೇ.

ಸಭೆಗೆ ಏಳು ಜನ ಬಂದಿದ್ದರು. ಚರ್ಚೆ ಕಾನೂನಿನ ಮೇಲೆ ನಡೆಯಲಿಲ್ಲ. "ಇವರನ್ನು ಸೇರಿಸಿಕೊಂಡರೆ ನಾಳೆ ಎಂಥೆಂಥವರು ಬರ್ತಾರೋ", "ಮಕ್ಕಳಿರುವ ಸೊಸೈಟಿ", "ಪಾಪ, ಒಳ್ಳೆಯ ಮನುಷ್ಯ, ಆದರೆ" ಎಂದೆಲ್ಲ ಆಯಿತು. ಚೇರ್ಮನ್ನರು ಕೈ ಎತ್ತಿಸಿದರು. ಸೇರಿಸಿಕೊಳ್ಳಿ ಎಂದವರು ಮೂವರು, ಬೇಡ ಎಂದವರು ಚೇರ್ಮನ್ ಸೇರಿ ಮೂವರು. ನನ್ನನ್ನು ನೋಡಿದರು.

ಅಂದು ನನ್ನ ತಲೆಯಲ್ಲಿ ಓಡಿದ್ದು ಏನೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನಾನು ಚರ್ಚಿನ ಪಾಲನಾ ಮಂಡಳಿಯವನು ಎಂದು ಎಲ್ಲರಿಗೂ ಗೊತ್ತು. ಕೈ ಎತ್ತಿದರೆ ಇಂಥ ಬಾಳ್ವೆಗೆ ನಾನು ಒಪ್ಪಿಗೆ ಕೊಟ್ಟ ಹಾಗೆ ಆಗುತ್ತದೆ. ಎತ್ತದಿದ್ದರೆ ಮಾಸ್ಟ್ರಿಗೆ ಅನ್ಯಾಯ. "ನಾನು ತಟಸ್ಥ" ಎಂದೆ. ಚೇರ್ಮನ್ನರು ತಮ್ಮ ನಿರ್ಣಾಯಕ ಓಟನ್ನು ಬೇಡ ಎನ್ನುವ ಕಡೆಗೇ ಹಾಕಿದರು. ವಾರಸುದಾರರ ಪ್ರಮಾಣಪತ್ರ ಬರುವ ತನಕ ಅರ್ಜಿ ಬಾಕಿ ಎಂದು ನಡಾವಳಿಯಲ್ಲಿ ಬರೆದದ್ದಾಯಿತು. ಕೆಳಗೆ ನನ್ನ ಸಹಿಯೂ ಇದೆ.

ತಮ್ಮನನ್ನು ಕೆಟ್ಟವನೆಂದು ಹೇಳಲಾರೆ. ಊರಿನಲ್ಲಿ ಸಾಲವಿತ್ತು, ಮಗಳ ಮದುವೆ ಎದುರಿಗಿತ್ತು, ಕಾನೂನು ಅವನ ಕಡೆಗಿತ್ತು. ಮಾಸ್ಟ್ರಿಗೆ ಬೇಕಾದ ಸಾಮಾನೆಲ್ಲ ತೆಗೆದುಕೊಂಡು ಹೋಗಿ ಎಂದು ಮರ್ಯಾದೆಯಿಂದಲೇ ಹೇಳಿದ. ಆದರೆ ಹನ್ನೊಂದು ವರ್ಷ ಅರ್ಧ ಕಂತು ಕಟ್ಟಿದ್ದಕ್ಕೆ ಅವರ ಹತ್ತಿರ ಇದ್ದ ಕಾಗದ ಪಾಸ್‌ಬುಕ್ ಒಂದೇ. ಕೋರ್ಟಿಗೆ ಹೋಗುವ ಮನಸ್ಸು ಮಾಸ್ಟ್ರಿಗೆ ಇರಲಿಲ್ಲ. 2022ರ ಮೇ ತಿಂಗಳಲ್ಲಿ, ಶಾಲೆಗೆ ರಜೆ ಬಿದ್ದ ಮೇಲೆ, ಟೆಂಪೋ ತರಿಸಿ ನಾಸಿಕ್‌ಗೆ ಹೊರಟರು. ಫ್ಲ್ಯಾಟಿನ ಬೀಗದ ಕೈ ನನ್ನ ಕೈಗೇ ಕೊಟ್ಟು ಹೋದರು.

ಆಮೇಲೆ ನನಗೆ ಅಕ್ಕನ ಮಗಳ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಮತಪತ್ರದಲ್ಲಿ ಅದನ್ನು ಕೇಳಲಿಲ್ಲ ಮಾಮ್. ನಿಜ ಹೇಳಬೇಕೆಂದರೆ ಇದು ನಮ್ಮ ಮಂಗಳೂರಿನ ಕೆಥೋಲಿಕರಿಗೆ ಹೊಸ ವಿಷಯವೇ ಅಲ್ಲ. ಇಗರ್ಜಿಯ ಪುಸ್ತಕ ಬೇರೆ, ಸರಕಾರದ ಪುಸ್ತಕ ಬೇರೆ ಎಂದು ನಮಗೆ ಚೆನ್ನಾಗಿ ಗೊತ್ತು. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ರದ್ದು ಮಾಡಿದರೆ ಅದಕ್ಕೆ ಕೋರ್ಟಿನಲ್ಲೂ ಬೆಲೆ ಇರಬೇಕು ಎಂದು ದಕ್ಷಿಣ ಕನ್ನಡದ ವಕೀಲ ಕ್ಲಾರೆನ್ಸ್ ಪಾಯಿಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಅಂದರೆ ಚರ್ಚಿನ ರದ್ದತಿ ಕೋರ್ಟಿನಲ್ಲಿ ನಡೆಯುವುದಿಲ್ಲ, ಕೋರ್ಟಿನ ವಿಚ್ಛೇದನ ಚರ್ಚಿನಲ್ಲಿ ನಡೆಯುವುದಿಲ್ಲ. ಮರುಮದುವೆ ಬೇಕಾದವರು ಎರಡೂ ಕಡೆ ಅಲೆಯುತ್ತಾರೆ. ಇದರಿಂದ ಯಾರ ನಂಬಿಕೆಯೂ ಕೆಟ್ಟಿಲ್ಲ. ಕೋರ್ಟಿನಲ್ಲಿ ವಿಚ್ಛೇದನವಾದವಳ ಜೀವನಾಂಶದ ಚೆಕ್ಕನ್ನು ನಾನು ಕೌಂಟರಿನಲ್ಲಿ ಎಂದಾದರೂ ತಡೆದಿದ್ದೇನೆಯೇ, ನಿಮ್ಮ ವಿಚ್ಛೇದನವನ್ನು ನಮ್ಮ ಚರ್ಚು ಒಪ್ಪುವುದಿಲ್ಲ ಎಂದು? ಹಾಗಾದರೆ ಮಾಸ್ಟ್ರ ಅರ್ಜಿ ಬಂದಾಗ ಮಾತ್ರ ನನಗೆ ಬಲಿಪೀಠ ಯಾಕೆ ನೆನಪಾಯಿತು? ಕಮಿಟಿ ನನ್ನನ್ನು ಕೇಳಿದ್ದು ಅವರ ಬಾಳ್ವೆ ಸರಿಯೋ ತಪ್ಪೋ ಎಂದಲ್ಲ, ಮೂರು ಪ್ರತಿಯಲ್ಲಿ ಸಹಿ ಮಾಡಿದ ಒಂದು ಫಾರ್ಮಿಗೆ ಬೆಲೆ ಇದೆಯೋ ಇಲ್ಲವೋ ಎಂದು.

ನಂಬುವವರ ಓಟು ಯಾವಾಗಲೂ ಐರ್ಲೆಂಡಿನ ಹಾಗೆ ಬೀಳುತ್ತದೆ ಎಂದೇನಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಕೋರ್ಟು ಕೊಟ್ಟಿದ್ದ ಮದುವೆಯ ಹಕ್ಕನ್ನು ಜನ ಅದೇ ನವೆಂಬರಿನಲ್ಲಿ ಶೇ 52 ಓಟಿನಿಂದ ಕಿತ್ತುಕೊಂಡರು. ಅದಕ್ಕಾಗಿ ದುಡ್ಡು, ಸಮಯ ಎರಡನ್ನೂ ಕೊಡಿ ಎಂದು ಮಾರ್ಮನ್ ಚರ್ಚು ತನ್ನವರಿಗೆ ಪತ್ರವನ್ನೇ ಬರೆದಿತ್ತು. ಮರುವರ್ಷ ವಾಷಿಂಗ್ಟನ್ ರಾಜ್ಯದಲ್ಲಿ ಕೇಳಿದ್ದು ಮದುವೆಯನ್ನಲ್ಲ, ಆಸ್ಪತ್ರೆ, ಪಿಂಚಣಿ, ಆಸ್ತಿಯಂಥ ಜೊತೆಬಾಳ್ವೆಯ ಹಕ್ಕುಗಳನ್ನು. ಅಲ್ಲಿ ಶೇ 53 ಜನ ಹೌದು ಎಂದರು. 2022ರಲ್ಲಿ ಅದೇ ಮಾರ್ಮನ್ ಚರ್ಚು, ತನ್ನ ಬೋಧನೆ ಬದಲಾಗಿಲ್ಲ ಎನ್ನುತ್ತಲೇ, ಸಲಿಂಗ ವಿವಾಹಗಳಿಗೆ ರಕ್ಷಣೆ ಕೊಡುವ ಅಮೆರಿಕದ ಕಾನೂನಿಗೆ ಬೆಂಬಲ ಕೊಟ್ಟಿತು. ಕ್ಯಾಲಿಫೋರ್ನಿಯಾದ ಜನ 2024ರಲ್ಲಿ ಶೇ 62ಕ್ಕೂ ಹೆಚ್ಚು ಓಟಿನಿಂದ ಹಳೆಯ ಸಾಲನ್ನು ಅಳಿಸಿದರು. ಹದಿನಾರು ವರ್ಷ. ಅಷ್ಟರಲ್ಲಿ ಎಷ್ಟು ಜನ ಮಾಸ್ಟ್ರುಗಳು ಮನೆ ಖಾಲಿ ಮಾಡಿರಬಹುದು?

ನಮ್ಮ ದೇಶದಲ್ಲಿ ಯಾರೂ ನಮ್ಮನ್ನು ಓಟು ಕೇಳಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಮದುವೆಯ ಪ್ರಶ್ನೆ 2023ರಲ್ಲಿ ಐವರು ನ್ಯಾಯಮೂರ್ತಿಗಳ ಮುಂದೆ ಬಂತು. ಏಪ್ರಿಲ್ 18ರಿಂದ ಮೇ 11ರ ತನಕ ಹತ್ತು ದಿನ ವಿಚಾರಣೆ. ಆ ಹೊತ್ತಿಗೇ ಕರ್ನಾಟಕದ ವಿಧಾನಸಭಾ ಚುನಾವಣೆ. ನಮ್ಮ ಎದುರಿನ ಹೋಟೆಲಿನ ಹುಡುಗರೆಲ್ಲ ಮೇ 10ರ ಓಟಿಗೆ ಬಸ್ಸು ಹಿಡಿದಿದ್ದರು. ನಾನು ಖಾಲಿ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಮೊಬೈಲಿನಲ್ಲಿ ಕೋರ್ಟಿನ ನೇರಪ್ರಸಾರ ನೋಡುತ್ತಿದ್ದೆ. ಅರ್ಜಿದಾರರಿಗೆ ಬೇಕಿದ್ದದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ. ಯಾವ ಧರ್ಮದ ವೈಯಕ್ತಿಕ ಕಾನೂನಿಗೂ ಕೈ ಹಾಕುವುದಿಲ್ಲ ಎಂದು ಕೋರ್ಟು ಮೊದಲೇ ಹೇಳಿತ್ತು. ಆದರೂ ಜಮೀಯತ್ ಉಲಮಾ ವಿರೋಧಿಸಿ ಬಂತು, ಬೇರೆ ಧರ್ಮದವರೂ ವಿರೋಧಿಸಿದರು. ಬೇರೆ ಎಲ್ಲದಕ್ಕೂ ಜಗಳವಾಡುವವರು ಇದೊಂದರಲ್ಲಿ ಒಟ್ಟಾದರು. ಇದು ನಗರದ ಮೇಲ್ವರ್ಗದವರ ವಿಚಾರ ಎಂದು ಕೇಂದ್ರ ಸರಕಾರ ಬರೆದುಕೊಟ್ಟಿತು. ಮಾಸ್ಟ್ರ ಸಂಬಳ ನನಗೆ ಗೊತ್ತು.

ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾನೂನು ಮಾಡಬೇಕಾದದ್ದು ಸಂಸತ್ತು ಎಂಬಲ್ಲಿ ಐವರೂ ಒಂದೇ. ಮದುವೆ ಎನ್ನದಿದ್ದರೂ ಅಂಥ ಜೋಡಿಗೆ ಕಾನೂನಿನ ಮಾನ್ಯತೆ ಪಡೆಯುವ ಹಕ್ಕಿದೆಯೇ ಎಂಬಲ್ಲಿ 3–2 ಆಯಿತು. ಇದೆ ಎಂದವರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಕೌಲ್. ಇಲ್ಲ ಎಂದ ಬಹುಮತದ ಮುಖ್ಯ ತೀರ್ಪು ಬರೆದವರು ಮೈಸೂರಿನಲ್ಲಿ ಹುಟ್ಟಿದ ರವೀಂದ್ರ ಭಟ್. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಕೋರ್ಟು ಸಂಸತ್ತಿನ ಕಡೆ ಕೈ ತೋರಿಸಿತು. ಸಂಸತ್ತಿನವರು ನಮ್ಮಂಥ ಓಟುದಾರರ ಮುಖ ನೋಡುತ್ತಾರೆ. ನಾವು ಚರ್ಚಿನ, ದೇವಸ್ಥಾನದ, ಮಸೀದಿಯ ಮುಖ ನೋಡುತ್ತೇವೆ. ನಮ್ಮ ಕಮಿಟಿಯ ನಡಾವಳಿಯೇ ದೊಡ್ಡದಾಗಿ ಕಂಡಿತು ನನಗೆ: ಅರ್ಜಿ ಬಾಕಿ.

ಬಂದದ್ದು ಒಂದು ಸಣ್ಣ ಸಮಾಧಾನ. ಕೋರ್ಟಿಗೆ ಕೊಟ್ಟ ಮಾತಿನಂತೆ ಕೇಂದ್ರವು 2024ರ ಏಪ್ರಿಲಿನಲ್ಲಿ ಸಂಪುಟ ಕಾರ್ಯದರ್ಶಿಯ ಸಮಿತಿ ಮಾಡಿತು. ಅದೇ ಆಗಸ್ಟಿನಲ್ಲಿ, ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಇಂಥವರಿಗೆ ಯಾವ ಅಡ್ಡಿಯೂ ಇಲ್ಲವೆಂದು ಹಣಕಾಸು ಸಚಿವಾಲಯ ತಿಳಿಸಿತು. ಹತ್ತಿರದ ಸಂಬಂಧಿಕರಿಲ್ಲದಾಗ ಸಂಗಾತಿ ಮೃತದೇಹ ಕೇಳಬಹುದು ಎಂದು ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ಸುತ್ತೋಲೆ ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಖಾತೆಗೆ ಅಡ್ಡಿ ಮೊದಲೂ ಇರಲಿಲ್ಲ. ಇದ್ದದ್ದು ಕೌಂಟರಿನ ಈಚೆ ಕೂತ ನನ್ನಂಥವನ ಮುಖದಲ್ಲಿ. ಓದಿದ ದಿನವೇ ನಿವೃತ್ತಿಗೆ ಮೂರು ತಿಂಗಳಿದ್ದ ನಾನು ಶಾಖೆಯ ಹುಡುಗರನ್ನು ಕೂರಿಸಿ ಅರ್ಧ ಗಂಟೆ ವಿವರಿಸಿದೆ. ಉಯಿಲಿನ ವಿಷಯವನ್ನೂ ಸೇರಿಸಿದೆ. ಆ ಭಾಗ ಸುತ್ತೋಲೆಯಲ್ಲಿ ಇರಲಿಲ್ಲ.

ಫಾದರ್ ಹತ್ತಿರವೂ ಒಮ್ಮೆ ಮಾತಾಡಿದೆ. 2023ರ ಡಿಸೆಂಬರಿನಲ್ಲಿ, ಪೂಜಾವಿಧಿಯ ಹೊರಗೆ, ಮದುವೆಯೆಂದು ತೋರದ ಹಾಗೆ, ಇಂಥ ಜೋಡಿಗಳನ್ನೂ ಆಶೀರ್ವದಿಸಬಹುದು ಎಂದು ವ್ಯಾಟಿಕನ್ ಹೇಳಿತ್ತಲ್ಲ, ಆ ಸಮಯದಲ್ಲಿ. ಅಂದು ನಾನು ಕೈ ಎತ್ತದೆ ಇದ್ದದ್ದನ್ನು ಹೇಳಿದೆ. ಅವರು ಚಿಕ್ಕ ಪ್ರಾಯದವರು. "ನಿಮ್ಮನ್ನು ಎತ್ತಬೇಡಿ ಎಂದು ಯಾರು ಹೇಳಿದ್ದರು?" ಎಂದು ಕೇಳಿದರು. ಯಾರೂ ಹೇಳಿರಲಿಲ್ಲ.

ಎಫ್‌ಡಿಯ ದುಡ್ಡು ಮಾತ್ರ ನಾಮಿನಿಯೆಂದು ಮಾಸ್ಟ್ರ ಕೈಗೇ ಬಂದಿತ್ತು. ಆಸ್ಪತ್ರೆಯ ಬಿಲ್ಲಿನ ಬಾಕಿ ತೀರಿಸಿ ಉಳಿದದ್ದನ್ನು ಲೆಕ್ಕದ ಸಮೇತ ಕಾರ್ಕಳಕ್ಕೆ ಕಳಿಸಿದರು. ಗಣಿತದ ಮಾಸ್ಟ್ರಲ್ಲವೇ, ರೂಪಾಯಿ ಪೈಸೆ ತಪ್ಪಿರಲಿಲ್ಲ.

ನವೆಂಬರ್ 2 ನಮ್ಮಲ್ಲಿ ಮೃತರ ಸ್ಮರಣೆಯ ದಿನ. ಅದಕ್ಕೆ ಮುಂಚೆ ಚರ್ಚಿನ ಆಫೀಸಿನಲ್ಲಿ ತೀರಿಕೊಂಡವರ ಹೆಸರು ಕೊಟ್ಟರೆ ಪೂಜೆಯಲ್ಲಿ ನೆನಪು ಮಾಡುತ್ತಾರೆ. ಪ್ರತಿ ಅಕ್ಟೋಬರಿನ ಕೊನೆಯ ವಾರ ಮಾಸ್ಟ್ರು ನಾಸಿಕ್‌ನಿಂದ ನನಗೆ ಗೂಗಲ್ ಪೇಯಲ್ಲಿ ಐನೂರು ರೂಪಾಯಿ ಕಳಿಸುತ್ತಾರೆ. ಹೆಸರು ಬರೆಯುವುದಿಲ್ಲ, ನನಗೆ ಗೊತ್ತಿದೆ. ಚೀಟಿಯಲ್ಲಿ ಪೂಜೆ ಕೇಳಿಕೊಂಡವರು ಯಾರು ಎಂದು ಒಂದು ಗೆರೆ ಇರುತ್ತದೆ. ಮೊದಲ ವರ್ಷ ಅಲ್ಲಿ ನನ್ನ ಹೆಸರು ಬರೆದಿದ್ದೆ. ಈಗ ಮಾಸ್ಟ್ರ ಹೆಸರು ಬರೆಯುತ್ತೇನೆ. ಆಫೀಸಿನ ಹೆಂಗಸು ಆ ಹಿಂದೂ ಹೆಸರನ್ನು ನೋಡಿ, ಇವರು ಯಾರು ಅಂಕಲ್ ಎಂದು ಕೇಳಿದಳು. ಮನೆಯವರು ಎಂದೆ. ರಶೀದಿಯ ಫೋಟೋ ತೆಗೆದು ನಾಸಿಕ್‌ಗೆ ಕಳಿಸಿದೆ.